ಆಚೆಬದಿ ಹಾಡು

ಹೋದ ತಿಂಗಳು ಮಗಳ ಜೊತೆ ಮಣಿಪಾಲದ ಒಂದು ಕಾಫಿ ಅಂಗಡಿಗೆ ಹೋಗಿದ್ದೆ. ಹಣ ಕೊಡುವ ಮೇಜಿನ ಪಕ್ಕ ಹಳೆಯ ರೆಕಾರ್ಡ್ ಪ್ಲೇಯರ್ ಒಂದನ್ನು ಇಟ್ಟಿದ್ದರು. ಚಂದಕ್ಕೆ ಇಟ್ಟದ್ದಾಗಿರಬೇಕು ಎಂದುಕೊಂಡೆ. ನಾವು ಕುಳಿತು ಸ್ವಲ್ಪ ಹೊತ್ತಿಗೆ ಅಂಗಡಿಯ ಹುಡುಗಿ ಒಂದು ಸಣ್ಣ ರೆಕಾರ್ಡನ್ನು ಅದರ ಮೇಲಿಟ್ಟು ಮುಳ್ಳು ಇಳಿಸಿದಳು. ಹಾಡು ಶುರುವಾಗುವ ಮೊದಲು, ಮುಳ್ಳು ಖಾಲಿ ಗೆರೆಯಲ್ಲಿ ಓಡುವಾಗ, ಬಾಣಲೆಯಲ್ಲಿ ಎಣ್ಣೆ ಕಾದಂತೆ ಒಂದು ಚರಚರ ಸದ್ದು ಬರುತ್ತದೆ. ಅಷ್ಟೇ ಸಾಕಾಯಿತು. ನನ್ನ ಕಣ್ಣು ಗೋಡೆಯುದ್ದಕ್ಕೂ ಪ್ಲಗ್ ಹುಡುಕತೊಡಗಿತು. ಹಾಡಿನಲ್ಲಿ ಯಾರಾದರೂ ಕೂಗುತ್ತಾರೋ ಎಂದು ಕಿವಿ ಕಾಯುತ್ತಿತ್ತು.

"ಎಂತ ಪಪ್ಪ, ಬೆವರ್ತಾ ಉಂಟಲ್ಲ" ಎಂದಳು ಮಗಳು.

ಸೆಕೆ ಎಂದೆ. ತಲೆಯ ಮೇಲೆಯೇ ಎ.ಸಿ. ತಣ್ಣಗೆ ಊದುತ್ತಿತ್ತು. ಕಾಫಿ ಅರ್ಧ ಬಿಟ್ಟು ಹೊರಗೆ ಬಂದೆ. ಅವಳಿಗೆ ಏನೂ ಹೇಳಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕ ಶುರುವಾಗಿ ಎರಡು ಮೂರು ವರ್ಷ ಆಗಿತ್ತು. ನಾನು ಉಡುಪಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಮನೆ ಕಾರ್ಕಳ, ಕಾಲೇಜಿಗಾಗಿ ಬನ್ನಂಜೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದೆ. ನನ್ನ ಬೆಂಚಿನಲ್ಲಿ ಕೂರುತ್ತಿದ್ದವನು ಕಾಪುವಿನ ಅಲ್ಬನ್. ಅವನ ಅಪ್ಪ ಕುವೈತಿನಲ್ಲಿದ್ದರು. ಸಮುದ್ರಕ್ಕೆ ಹತ್ತಿರದ ಆ ಮನೆಯಲ್ಲಿ ಇದ್ದದ್ದು ಅವನು ಮತ್ತು ಅವನ ತಾಯಿ ಸೆರಫಿನಾ ಇಬ್ಬರೇ. ಅವನು ತಾಯಿಯನ್ನು ಮಾಯ್ ಎನ್ನುತ್ತಿದ್ದ. ನಾನು, ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಎಲ್ಲರೂ ಕರೆಯುವ ಹಾಗೆ, ಬಾಯಮ್ಮ ಎನ್ನುತ್ತಿದ್ದೆ. ಅವರಿಬ್ಬರ ಬಾಯಲ್ಲಿ ನನ್ನ ಹೆಸರು ಸದಾ.

ಅಲ್ಬನ್‌ನ ಸೋದರಮಾವ ಹಡಗಿನಲ್ಲಿ ಅಡುಗೆಯವರು. ಹಿಂದಿನ ಕ್ರಿಸ್‌ಮಸ್ಸಿಗೆ ರಜೆಯಲ್ಲಿ ಬಂದಾಗ ಇಂಗ್ಲೆಂಡಿನ ಯಾವುದೋ ಬಂದರಿನಿಂದ ಎರಡು ವಸ್ತು ತಂದುಕೊಟ್ಟರು. ಒಂದು, ಸೂಟ್‌ಕೇಸಿನಂತೆ ಮುಚ್ಚುವ ಹಳೆಯ ವಾಲ್ವಿನ ಪ್ಲೇಯರ್. ಇನ್ನೊಂದು, ರಟ್ಟಿನ ಪೆಟ್ಟಿಗೆಯ ತುಂಬ ಸಣ್ಣ ರೆಕಾರ್ಡುಗಳು; ಬದಿಗೊಂದು ಹಾಡು ಮಾತ್ರ ಹಿಡಿಯುವ ಸಿಂಗಲ್‌ಗಳು. ಅಲ್ಲಿಯ ಹೋಟೆಲುಗಳಲ್ಲಿ ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆಗಳಿರುತ್ತವಂತೆ. ಅವುಗಳಿಂದ ತೆಗೆದುಹಾಕಿದ, ಯಾರಿಗೂ ಬೇಡವಾದ ಸರಕು ಅದು. ನಡುವೆ ದೊಡ್ಡ ತೂತು. ನಮ್ಮ ಪ್ಲೇಯರಿನ ಮೊಳೆಯೋ ಸಣ್ಣದು. ಬಾಯಮ್ಮನ ಹಳೆಯ ರಬ್ಬರ್ ಚಪ್ಪಲಿಯಿಂದ ಅಲ್ಬನ್ ಒಂದು ಬಿಲ್ಲೆ ಕತ್ತರಿಸಿ ತೂತಿಗೆ ಕೂರಿಸಿದ. ಎಡಗಾಲಿನ ಚಪ್ಪಲಿಯಲ್ಲಿ ಹಾಡುವ ರೆಕಾರ್ಡು ಜಗತ್ತಿನಲ್ಲಿ ಇದೊಂದೇ ಎಂದು ಬಾಯಮ್ಮ ತಮಾಷೆ ಮಾಡುತ್ತಿದ್ದರು.

ಹೋಟೆಲಿನ ಜನ ಒಂದೇ ಬದಿಯನ್ನು ಹಾಕಿ ಹಾಕಿ ತೇಯಿಸಿದ್ದರು. ಹೆಸರಾದ ಹಾಡಿದ್ದ ಆ ಬದಿ ಬೂದಿ ಬಣ್ಣಕ್ಕೆ ತಿರುಗಿತ್ತು. ಮುಳ್ಳು ಇಟ್ಟರೆ ಹಂಚಿನ ಮೇಲೆ ಮಳೆ ಬಿದ್ದಂತೆ ಕೇಳುತ್ತಿತ್ತು. ಹಿಂದಿನ ಬದಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಅದು ಕಪ್ಪಗೆ ಹೊಳೆಯುತ್ತಿತ್ತು. ನಾವು ಅದಕ್ಕೆ ಆಚೆಬದಿ ಎಂದು ಹೆಸರಿಟ್ಟೆವು. ಹೀಗೆ, ಅಲ್ಲಿಯವರು ಕೇಳದೆ ಬಿಟ್ಟದ್ದೆಲ್ಲ ಕಾಪುವಿನಲ್ಲಿ ನಮ್ಮ ಪಾಲಿಗೆ ಬಂತು. ಮೂರು ತಂತಿ ಮೀಟಲು ಬಂದರೆ ಸಾಕೆಂದು ಹಾಡಲು ನಿಂತವರು, ಸಿಟ್ಟಿನಿಂದ ಅರಚುವವರು, ಎರಡು ನಿಮಿಷದೊಳಗೆ ಮುಗಿಸಿ ಓಡುವವರು. ಮಣಿಪಾಲದ ಹಾಸ್ಟೆಲಿನಲ್ಲಿದ್ದ ಮಲೇಷ್ಯಾದ ವಿದ್ಯಾರ್ಥಿ ಚಂದ್ರನ್‌ಗೆ ಒಮ್ಮೆ ತೋರಿಸಿದಾಗ, ಇದು ಪಂಕ್, ಕೆಲವು ಸಣ್ಣ ಸಣ್ಣ ಕಂಪನಿಯವರು ತಾವೇ ಅಚ್ಚು ಹಾಕಿದ್ದು, ಅಲ್ಲಿ ಹುಡುಕಿದರೂ ಸಿಗುವುದು ಕಷ್ಟ ಎಂದ. ಅಲ್ಬನ್ ಅದನ್ನು ಪಂಕ ಎಂದೇ ಕೇಳಿಸಿಕೊಂಡ. "ಕೆಸರು ಅಂತಲ್ವಾ? ಸರಿಯಾಗಿಯೇ ಉಂಟು" ಎಂದ. ಅಂದಿನಿಂದ ನಮಗೆ ಹುಚ್ಚು ಹಿಡಿಯಿತು. ಪಡುಬಿದ್ರಿಯ ಒಂದು ಹಡಗಿನವರ ಮನೆಯ ಅಟ್ಟದಿಂದ ನಾಲ್ಕು ಸಿಕ್ಕಿದವು, ಚಂದ್ರನ್‌ನಿಂದ ಎರಡು. ಒಂದರ ಮೇಲೆ ಹಾಡಿನ ಹೆಸರನ್ನು ಕೈಯಲ್ಲೇ ಬರೆದಿದ್ದರು.

ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಕೂಡಲೇ ಕಾಪುವಿನ ಬಸ್ಸು ಹತ್ತುತ್ತಿದ್ದೆವು. ರೆಕಾರ್ಡಿನ ಕೆಲಸ ಉಂಟು ಎಂದು ಚಿಕ್ಕಮ್ಮನಿಗೆ ಹೇಳುತ್ತಿದ್ದೆ. ಪ್ರಾಕ್ಟಿಕಲ್ ಪುಸ್ತಕಕ್ಕೂ ರೆಕಾರ್ಡು ಎಂದೇ ಹೆಸರಾದ್ದರಿಂದ ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ನಿಜಕ್ಕೂ ಅಂಥದೇ ಒಂದು ಪುಸ್ತಕದಲ್ಲಿ ನಾವು ಆಚೆಬದಿಗಳ ಪಟ್ಟಿ ಮಾಡುತ್ತಿದ್ದೆವು. ತಂಡದ ಹೆಸರು, ಹಾಡಿನ ಹೆಸರು, ಹತ್ತಕ್ಕೆ ಎಷ್ಟು ಮಾರ್ಕು. ಇದ್ದದ್ದು ಒಂದೇ ಮುಳ್ಳು. ಅದು ಸವೆದರೆ ಇನ್ನೊಂದು ಎಲ್ಲಿಂದ ತರುವುದು? ಹಾಗಾಗಿ ವಾರಕ್ಕೆ ಒಂದೇ ಹೊಸ ರೆಕಾರ್ಡು. ಮುಳ್ಳು ಎತ್ತಿ ಅದರ ಜಾಗದಲ್ಲಿ ಇಡದೆ ಕರೆಂಟು ತೆಗೆಯಕೂಡದು. ಈ ನಿಯಮವನ್ನು ನಾನೇ ಮಾಡಿದ್ದು. ಒಮ್ಮೆ ಅಲ್ಬನ್ ಮರೆತು ಪ್ಲಗ್ ಎಳೆದಾಗ, ನಿಧಾನವಾಗಿ ನಿಲ್ಲುತ್ತಿದ್ದ ರೆಕಾರ್ಡಿನ ಮೇಲೆ ಮುಳ್ಳು ಗೀರಿತ್ತು. ನಾನು ಎರಡು ದಿನ ಅವನ ಹತ್ತಿರ ಮಾತಾಡಿರಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಅದರೊಂದಿಗೆ ಪ್ಲೇಯರಿಗೂ ಒಂದು ರೋಗ ಹಿಡಿಯಿತು. ಹಾಡಿನ ಹಿಂದೆ ಸದಾ ಗುಂಯ್ ಎಂಬ ಸದ್ದು. ಅದರ ಪ್ಲಗ್ಗಿಗೆ ಎರಡೇ ಪಿನ್. ಹೇಗೆ ಬೇಕಾದರೂ ಚುಚ್ಚಬಹುದಿತ್ತು. ಒಂದು ರೀತಿ ಚುಚ್ಚಿದರೆ ಗುಂಯ್ ಹೆಚ್ಚು, ತಿರುಗಿಸಿ ಚುಚ್ಚಿದರೆ ಕಡಿಮೆ. ಮರುದಿನ ಅದು ಉಲ್ಟಾ ಆದಂತೆಯೂ ಅನ್ನಿಸುತ್ತಿತ್ತು. ಒಮ್ಮೊಮ್ಮೆ ಪೆಟ್ಟಿಗೆಯ ಸ್ಕ್ರೂ ಮುಟ್ಟಿದರೆ ಬೆರಳಲ್ಲಿ ಜುಂ ಎನ್ನುತ್ತಿತ್ತು. ನಾವು ನಗುತ್ತಿದ್ದೆವು.

ಊರಿಗೆ ಹೋದಾಗ ಕಾರ್ಕಳದ ರೇಡಿಯೋ ರಿಪೇರಿಯ ಶೀನಣ್ಣನನ್ನು ಕೇಳಿದೆ. ಅವರು ಬೇರೆ ಯಾರದೋ ರೇಡಿಯೋದೊಳಗೆ ತಲೆ ತೂರಿಸಿಕೊಂಡಿದ್ದರು. ತಲೆ ಎತ್ತದೆಯೇ, "ಅರ್ಥ್ ಇಲ್ಲದ್ದಕ್ಕೆ ಹಾಗಾಗುವುದು. ಒಳಗಿನ ತಗಡಿನಿಂದ ಒಂದು ವಯರು ಎಳೆದು ಹೊರಗಿನ ಸರಿಗೆಗೆ ಕೊಡು" ಎಂದರು.

ನಮ್ಮಲ್ಲಿ ತಂತಿಗೆ ಸರಿಗೆ ಎನ್ನುತ್ತಾರೆ. ರೇಡಿಯೋ ಇದ್ದ ಹಳೆಯ ಮನೆಗಳಲ್ಲಿ ಗೋಡೆಯ ಹೊರಗಿನಿಂದ ನೆಲಕ್ಕಿಳಿಯುವ ಒಂದು ಸರಿಗೆ ಇರುತ್ತಿತ್ತು. ಮಣ್ಣಿನೊಳಗೆ ಹೂತಿರುತ್ತಿದ್ದ ಅದೇ ಅರ್ಥ್. ಶೀನಣ್ಣ ಹೇಳಿದ್ದು ಅದನ್ನು. ಅಲ್ಬನ್‌ನ ಮನೆಯಲ್ಲಿ ಹೊರಗಿನ ಸರಿಗೆ ಎಂದರೆ ಒಂದೇ: ಹಿಂದಿನ ಜಗಲಿಯಲ್ಲಿ, ಎರಡು ಮರದ ಕಂಬಗಳ ನಡುವೆ, ಬಟ್ಟೆ ಒಣಗಿಸಲು ಬಿಗಿದದ್ದು.

ಅದಕ್ಕೆ ಕಟ್ಟಿದೆ. ಫಿಸಿಕ್ಸ್ ಓದುತ್ತಿದ್ದವನು ಕಟ್ಟಿದೆ. ವಿದ್ಯುತ್ತಿನ ಪೇಪರಿನಲ್ಲಿ ತರಗತಿಗೇ ಹೆಚ್ಚು ಅಂಕ ತೆಗೆದವನು ಕಟ್ಟಿದೆ. ಒಂದು ಕೆಂಪು ವಯರನ್ನು ಪ್ಲೇಯರಿನ ಸ್ಕ್ರೂವಿನಿಂದ ಕಿಟಕಿಯ ಸಂದಿನಲ್ಲಿ ಹಾಯಿಸಿ, ಬಟ್ಟೆಯ ಸರಿಗೆಗೆ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದೆ. ಗುಂಯ್ ಕಡಿಮೆಯಾಯಿತು ಎಂದು ನಾನು ಹೇಳಿದೆ. ಹೌದೆಂದು ಅಲ್ಬನ್ ಒಪ್ಪಿದ. ಎರಡು ಶನಿವಾರ ಏನೂ ಆಗಲಿಲ್ಲ. ಬಾಯಮ್ಮ ದಿನವೂ ಆ ಸರಿಗೆಯಲ್ಲಿ ಬಟ್ಟೆ ಹಾಕಿದರು, ತೆಗೆದರು.

ಮೂರನೆಯ ಶನಿವಾರ. ಗಂಜಿ ಊಟ ಆಗಿತ್ತು. ಬೆಳಗ್ಗಿನಿಂದ ಹೊಡೆಯುತ್ತಿದ್ದ ಮಳೆ ಆಗಷ್ಟೇ ನಿಂತು ಸಮುದ್ರದ ಮೊರೆತವೊಂದೇ ಕೇಳುತ್ತಿತ್ತು. ಕೈಯಲ್ಲಿ ಹೆಸರು ಬರೆದಿದ್ದ ಆ ಸಿಂಗಲನ್ನು ನಾವು ಕೊನೆಗೆಂದು ಉಳಿಸಿಕೊಂಡಿದ್ದೆವು. ಆಚೆಬದಿ ಮೇಲೆ ಮಾಡಿ ಇಟ್ಟೆವು. ಪ್ಲೇಯರ್ ಬಿಸಿಯಾಗುತ್ತಿದ್ದಂತೆ ಗುಂಯ್ ಜೋರಾಗಿ ಬಂತು. ಇಂಥ ರೆಕಾರ್ಡಿಗೆ ಇದು ಆಗದು ಎಂದು ನಾನು ಎದ್ದು ಹೋಗಿ ಪ್ಲಗ್ ತೆಗೆದು ತಿರುಗಿಸಿ ಚುಚ್ಚಿದೆ. ಸದ್ದು ಪಟ್ಟನೆ ಇಳಿಯಿತು. ಅಲ್ಬನ್ ಹೆಬ್ಬೆರಳು ಎತ್ತಿದ.

ಆ ಪ್ಲೇಯರಿನ ಒಳಗಿನ ತಗಡಿಗೆ ಕರೆಂಟಿನ ಎರಡು ತಂತಿಗಳಲ್ಲಿ ಒಂದು ನೇರವಾಗಿ ಸೇರಿರುತ್ತದೆಂದು ನನಗೆ ತಿಳಿದದ್ದು ಆಮೇಲೆ. ಪ್ಲಗ್ ಒಂದು ರೀತಿ ಇದ್ದರೆ ತಗಡು ಸತ್ತಂತೆ. ತಿರುಗಿಸಿದರೆ ಮನೆಯ ಪೂರ್ತಿ ಕರೆಂಟು ಅದರಲ್ಲಿ. ಅಲ್ಲಿಂದ ಕೆಂಪು ವಯರಿಗೆ, ವಯರಿನಿಂದ ಬಟ್ಟೆಯ ಸರಿಗೆಗೆ. ಕಂಬಗಳು ಒಣಮರದವು, ಹಾಗಾಗಿ ಫ್ಯೂಸ್ ಹೋಗಲಿಲ್ಲ. ಕರೆಂಟು ಸರಿಗೆಯಲ್ಲಿ ಸುಮ್ಮನೆ ಕಾಯುತ್ತಿತ್ತು.

ಮುಳ್ಳು ಇಳಿಸಿದೆ. ಹಾಡು ನಾವು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು. ಒಬ್ಬಳು ಹುಡುಗಿ ಹಾಡುತ್ತಿದ್ದಳು. ಸಿಟ್ಟಿತ್ತು, ಆದರೆ ಧ್ವನಿ ಎತ್ತುತ್ತಿರಲಿಲ್ಲ. ಈಗ ಎತ್ತುತ್ತಾಳೆ, ಈಗ ಎತ್ತುತ್ತಾಳೆ ಎಂದು ನಾವಿಬ್ಬರೂ ಮುಂದಕ್ಕೆ ಬಾಗಿ ಕುಳಿತಿದ್ದೆವು. ಒಂದು ಚರಣ ಮುಗಿದು ಡ್ರಮ್ ನಿಂತು ಗಿಟಾರ್ ಒಂದೇ ಉಳಿಯಿತು. ಆಗ ಒಂದು ಕೂಗು ಬಂತು. ಚಿಕ್ಕದು, ಎತ್ತರದ್ದು, ನಡುವೆಯೇ ಕತ್ತರಿಸಿದಂಥದು.

ಅಲ್ಬನ್‌ನ ಮುಖ ಅರಳಿತು. "ಒಂಬತ್ತು ಬರಿ ಮಾರಾಯ" ಎಂದ.

ನಾನು ಪೆನ್ಸಿಲ್ ಎತ್ತಿಕೊಂಡೆ. ಒಂಬತ್ತು ಬರೆದೆ. ಇನ್ನೊಂದು ಕೂಗು ಬಂತು. ಅದು ಕೂಗಲ್ಲ, ಗಂಟಲಿನಲ್ಲಿ ಸಿಕ್ಕಿಕೊಂಡ ಸ್ವರ. ಅದೂ ಹಾಡಿನದೇ ಎಂದುಕೊಂಡೆ. ಮೊದಲ ಸಲ ಕೇಳುತ್ತಿರುವ ಹಾಡು. ಅದರೊಳಗೆ ಏನುಂಟು ಏನಿಲ್ಲ ಎಂದು ಯಾರಿಗೆ ಗೊತ್ತು? ಮತ್ತೆ ಜಗಲಿಯಲ್ಲಿ ಬಾಲ್ದಿ ಉರುಳಿದ ಸದ್ದು. ಯಾವ ಹಾಡಿನಲ್ಲೂ ಬಾಲ್ದಿ ಉರುಳುವುದಿಲ್ಲ.

ಅಲ್ಬನ್ ಓಡಿದ. ನಾನು ಬಾಗಿಲಿನವರೆಗೆ ಹೋದೆ. ಬಾಯಮ್ಮನ ಬಲಗೈ ಸರಿಗೆಯನ್ನು ಹಿಡಿದಿತ್ತು, ಅಥವಾ ಸರಿಗೆ ಅವರ ಕೈಯನ್ನು ಹಿಡಿದಿತ್ತು. ಬರಿಗಾಲು, ಒದ್ದೆ ಸಿಮೆಂಟು ನೆಲ. ಮೈ ಇಡೀ ಸಣ್ಣಗೆ ಅದುರುತ್ತಿತ್ತು. ಕಣ್ಣು ತೆರೆದೇ ಇತ್ತು. ನಮ್ಮ ಕಡೆಗೇ ಇತ್ತು. ಅಲ್ಬನ್ ಮಾಯ್ ಎಂದು ಹೋಗಿ ಅವರ ಸೊಂಟ ಹಿಡಿದ. ಅವನೂ ಅದುರತೊಡಗಿದ.

ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಅವರನ್ನು ಮುಟ್ಟಬಾರದು, ಕರೆಂಟು ತೆಗೆಯಬೇಕು. ಕೋಣೆಗೆ ಓಡಿ ಬಂದೆ. ಪ್ಲಗ್ ಪ್ಲೇಯರಿನ ಆಚೆಗಿತ್ತು. ಅದನ್ನು ಎಳೆಯುವ ಮೊದಲು ನಾನು ಮುಳ್ಳು ಎತ್ತಿದೆ. ಎತ್ತಿ, ಅದರ ಜಾಗದಲ್ಲಿ ಇಟ್ಟು, ಕೊಕ್ಕೆ ಹಾಕಿ, ಆಮೇಲೆ ಪ್ಲಗ್ ಎಳೆದೆ.

ಎಷ್ಟು ಹೊತ್ತು ಹಿಡಿದಿರಬಹುದು? ಎರಡು ಸೆಕೆಂಡು. ಮೂರು ಇರಲಾರದು. ನಲವತ್ತು ವರ್ಷದಿಂದ ಅದನ್ನು ಅಳೆಯುತ್ತಿದ್ದೇನೆ. ಕೈ ತಾನಾಗಿ ಹಾಗೆ ಮಾಡಿತು ಎಂದು ಹೇಳಬಹುದು. ಆದರೆ ಕೈ ನನ್ನದೇ.

ಇಬ್ಬರೂ ಬಿದ್ದಿದ್ದರು. ಅಲ್ಬನ್ ಎದ್ದ. ಬಾಯಮ್ಮ ಏಳಲಿಲ್ಲ, ಉಸಿರೂ ಕಾಣಲಿಲ್ಲ. ತುಟಿ ನೀಲಿಯಾಗಿತ್ತು. ಅಲ್ಬನ್‌ನ ಕೂಗಿಗೆ ಪಕ್ಕದ ಮನೆಯ ಕಲ್ಯಾಣಿಯಕ್ಕ ಬೇಲಿ ದಾಟಿ ಬಂದರು. ಬಂದವರೇ ಬಾಯಮ್ಮನ ಎದೆಗೆ ಎರಡು ಕೈ ಊರಿ, ಹಿಟ್ಟು ನಾದುವವರ ಹಾಗೆ ಒತ್ತಿದರು. ಒತ್ತಿದರು, ಹೆಸರು ಹಿಡಿದು ಬೈದರು, ಮತ್ತೆ ಒತ್ತಿದರು. ಅದನ್ನು ಎಲ್ಲಿ ಕಲಿತಿದ್ದರೋ ತಿಳಿಯದು. ಬಹಳ ಹೊತ್ತಿನ ಮೇಲೆ ಬಾಯಮ್ಮನ ಬಾಯಿಂದ ಗೊರಕೆಯಂಥ ಒಂದು ಉಸಿರು ಬಂತು. ಅಲ್ಬನ್ ರಸ್ತೆಗೆ ಟ್ಯಾಕ್ಸಿ ತರಲು ಓಡಿದ.

ಆ ಹೊತ್ತಿನಲ್ಲಿ ನಾನು ಮಾಡಿದ್ದು ಇನ್ನೊಂದು. ಕಲ್ಯಾಣಿಯಕ್ಕ ಬಾಯಮ್ಮನ ಕಾಲು ತಿಕ್ಕುತ್ತಾ ಅತ್ತ ಬಾಗಿದ್ದರು. ನಾನು ಸರಿಗೆಯ ಮೇಲಿನ ಕೆಂಪು ವಯರನ್ನು ಬಿಚ್ಚಲು ನೋಡಿದೆ, ಗಂಟು ಬಿಡಲಿಲ್ಲ. ಕಿತ್ತೆ. ಪ್ಲೇಯರಿನ ಸ್ಕ್ರೂವಿನಿಂದಲೂ ಬಿಡಿಸಿ, ಸುರುಳಿ ಸುತ್ತಿ ಪ್ಯಾಂಟಿನ ಕಿಸೆಗೆ ಹಾಕಿಕೊಂಡೆ. ಮಣಿಪಾಲದವರೆಗೂ, ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ, ಅದರ ತುದಿ ತೊಡೆಗೆ ಚುಚ್ಚುತ್ತಿತ್ತು. ಹಿಂದೆ ಬಾಯಮ್ಮನ ಉಸಿರು ಒಮ್ಮೆ ಕೇಳುತ್ತಿತ್ತು, ಒಮ್ಮೆ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ಅಲ್ಬನ್ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಬಟ್ಟೆಯ ಸರಿಗೆಗೆ ಎಲ್ಲಿಂದಲೋ ಕರೆಂಟು ಬಂತು ಎಂದ ಅವನು.

ಮೂರು ದಿನ ಏನೂ ಹೇಳಲಾಗದು ಎಂದರು. ಹೃದಯ ತಪ್ಪಿ ತಪ್ಪಿ ಬಡಿಯುತ್ತಿತ್ತಂತೆ. ನಾವಿಬ್ಬರೂ ವಾರ್ಡಿನ ಹೊರಗೆ ಒಂದೇ ಬೆಂಚಿನಲ್ಲಿ ಕುಳಿತಿದ್ದೆವು. ನಾಲ್ಕನೆಯ ದಿನ ಬಾಯಮ್ಮ ನೀರು ಕೇಳಿದರು. ಬಲಗೈಯ ಎರಡು ಬೆರಳು ಮಾತ್ರ ಮಡಚಿದ್ದು ಮತ್ತೆ ಬಿಡಲಿಲ್ಲ.

ಆ ವಾರವೇ ನಾನು ಕಾರ್ಕಳಕ್ಕೆ ಹೋಗಿ ಶೀನಣ್ಣನಿಗೆ ಅರ್ಧಂಬರ್ಧ ಹೇಳಿದೆ, ಯಾರದೋ ಮನೆಯ ಕತೆಯೆಂಬಂತೆ. ಅವರು ಈ ಸಲ ತಲೆ ಎತ್ತಿದರು. "ಹೊರಗೆ ಅಂದ್ರೆ ನೆಲಕ್ಕೆ ಅಂತ ಬಿ.ಎಸ್ಸಿ. ಓದುವವನಿಗೆ ಬಿಡಿಸಿ ಹೇಳ್ಬೇಕಾ?" ಎಂದರು. ಯಾರ ಮನೆ ಎಂದು ಅವರು ಕೇಳಲಿಲ್ಲ.

ಅಲ್ಲಿಂದ ಬಂದವನು ಅಲ್ಬನ್‌ಗೆ ತಿಳಿಸದೆ ಆ ಸಿಂಗಲನ್ನು ಕಾಪುವಿನ ಮನೆಯಿಂದ ಎತ್ತಿ ಮಣಿಪಾಲಕ್ಕೆ ಒಯ್ದೆ. ನನಗೆ ಒಂದೇ ಒಂದು ತಿಳಿಯಬೇಕಿತ್ತು. ಹಾಡಿನಲ್ಲಿ ನಿಜವಾಗಿ ಒಂದು ಕೂಗು ಇದ್ದರೆ, ನಾವು ಮೋಸಹೋದದ್ದು ಸಹಜ ಎನ್ನಬಹುದಲ್ಲ. ಚಂದ್ರನ್‌ನ ಕೋಣೆಯಲ್ಲಿ ಆಚೆಬದಿ ಹಾಕಿದೆವು. ಚರಣ ಮುಗಿಯಿತು, ಡ್ರಮ್ ನಿಂತಿತು, ಗಿಟಾರ್ ಉಳಿಯಿತು. ಗಿಟಾರ್ ಬಾರಿಸುತ್ತಲೇ ಹೋಯಿತು. ಹುಡುಗಿ ಮತ್ತೆ ಅದೇ ತಗ್ಗಿದ ಧ್ವನಿಯಲ್ಲಿ ಹಾಡಿ ಮುಗಿಸಿದಳು. ಕೂಗು ಎಲ್ಲಿಯೂ ಇರಲಿಲ್ಲ. ಇನ್ನೊಮ್ಮೆ ಹಾಕು ಎಂದೆ. ಇನ್ನೊಮ್ಮೆಯೂ ಇರಲಿಲ್ಲ. ಒಳ್ಳೆಯ ಹಾಡು, ಆದರೆ ಸ್ವಲ್ಪ ಸಪ್ಪೆ ಎಂದ ಚಂದ್ರನ್. ಅವನಿಗೆ ರೆಕಾರ್ಡು ಅಲ್ಲೇ ಬಿಟ್ಟು ಬಂದೆ.

ಕಾಪುವಿನ ಮನೆಗೆ ಲೈನ್‌ಮ್ಯಾನ್ ಮೂರು ಸಲ ಬಂದು ನೋಡಿದ. ಎಲ್ಲಿಯೂ ದೋಷ ಸಿಗಲಿಲ್ಲ. ಸಿಗುವುದಾದರೂ ಹೇಗೆ? ದೋಷ ನನ್ನ ಕಿಸೆಯಲ್ಲಿ ಹೋಗಿತ್ತು. ಕಾರಣ ತಿಳಿಯದ ಕರೆಂಟು ತನಗೆ ಬೇಡ ಎಂದು ಬಾಯಮ್ಮ ಮೈನ್ ಸ್ವಿಚ್ಚು ತೆಗೆಸಿಬಿಟ್ಟರು. ಮಳೆಗಾಲ ಇಡೀ ಆ ಮನೆಯಲ್ಲಿ ಚಿಮಿಣಿ ದೀಪ. ಬಾವಿಯ ಪಂಪು ಸಹ ನಿಂತಿತು. ಸರಿಯಿಲ್ಲದ ಕೈಯಲ್ಲಿ ಬಾಯಮ್ಮ ನೀರು ಸೇದುತ್ತಿದ್ದಾರೆಂದು ಯಾರೋ ಹೇಳಿದರು. ಅಲ್ಬನ್ ತರಗತಿಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ, ನೋಟ್ಸು ಕೊಡುತ್ತಿದ್ದ. ಆ ದಿನದ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸೆಪ್ಟೆಂಬರಿನಲ್ಲಿ ಬಿಸಿಲು ಬಂದ ಮೇಲೆ, ಅವನು ಕಾಲೇಜಿನಲ್ಲಿದ್ದ ಒಂದು ದಿನ, ನಾನು ತರಗತಿ ತಪ್ಪಿಸಿ ಕಾಪುವಿಗೆ ಹೋದೆ. ಬಸ್ಸಿನಲ್ಲಿ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಬಾಯಮ್ಮ ಹಿಂದಿನ ಜಗಲಿಯಲ್ಲಿ ಎಡಗೈಯಿಂದ ಬಟ್ಟೆ ಹರವುತ್ತಿದ್ದರು. ಸರಿಗೆಯ ಜಾಗದಲ್ಲಿ ತೆಂಗಿನ ನಾರಿನ ಹಗ್ಗ. ನನ್ನನ್ನು ನೋಡಿ ಚಾ ಕುಡಿಯುತ್ತೀಯಾ ಎಂದು ಕೇಳಿದರು. ನಾನು ನಿಂತಲ್ಲೇ, ವಯರು ಕಟ್ಟಿದವನು ನಾನು, ಪ್ಲಗ್ ತಿರುಗಿಸಿದವನು ನಾನು, ಆಮೇಲೆ ಕಿತ್ತು ಅಡಗಿಸಿದವನೂ ನಾನು ಎಂದೆ. ಮನೆಯ ಕರೆಂಟಿಗೆ ಏನೂ ಆಗಿಲ್ಲ, ಮೈನ್ ಹಾಕಿಸಿ ಎಂದೆ. ಮುಳ್ಳಿನ ವಿಷಯ ಹೇಳಲಿಲ್ಲ.

ಬಾಯಮ್ಮ ಕೈಯಲ್ಲಿದ್ದ ಟವೆಲನ್ನು ಕೊಡವಿ ಹಗ್ಗಕ್ಕೆ ಹಾಕಿದರು.

"ಗೊತ್ತುಂಟು ಸದಾ. ಆಸ್ಪತ್ರೆಯಿಂದ ಬಂದ ದಿವಸವೇ ನೋಡಿದೆ. ಸರಿಗೆಯಲ್ಲಿ ಕೆಂಪು ವಯರಿನ ಗಂಟು ಹಾಗೇ ಉಳಿದಿತ್ತು. ನಾನೇ ಕತ್ತರಿಸಿ ತೆಗೆದೆ, ಲೈನ್‌ಮ್ಯಾನ್ ಬರುವ ಮೊದಲು."

ಮತ್ತೆ ಯಾಕೆ ಮೈನ್ ತೆಗೆಸಿದಿರಿ ಎಂದು ಕೇಳಿದೆ. ಕರೆಂಟಿದ್ದರೆ ನೀವು ಮತ್ತೆ ಆ ಪೆಟ್ಟಿಗೆ ಹಾಕುತ್ತೀರಿ, ಅದಕ್ಕೆ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಮಕ್ಕಳು ತಪ್ಪು ಮಾಡುತ್ತಾರೆ, ಅದು ಹೋಗಲಿ ಎಂದರು. ಹೊರಡಬಹುದು ಎಂದುಕೊಂಡೆ.

ಆಗ ಅವರು ಬಟ್ಟೆ ಬಿಟ್ಟು ನನ್ನ ಕಡೆ ತಿರುಗಿದರು.

"ಒಂದು ಕೇಳ್ಬೇಕು ನಿನ್ನ ಹತ್ರ. ನಾನು ಎರಡು ಸಲ ಕೂಗಿದೆ. ನಿಮಗೆ ಕೇಳ್ಲಿಲ್ವಾ?"

ಕೇಳಿತು ಬಾಯಮ್ಮ, ಕೇಳಿ ಒಂಬತ್ತು ಮಾರ್ಕು ಕೊಟ್ಟೆವು ಎಂದು ಹೇಗೆ ಹೇಳಲಿ? ಜಗಲಿಯ ಸಿಮೆಂಟು ನೆಲ ನೋಡಿದೆ. ಅದು ಈಗ ಒಣಗಿ ಬೆಳ್ಳಗಾಗಿತ್ತು.

"ಇಲ್ಲ ಬಾಯಮ್ಮ, ಕೇಳ್ಲಿಲ್ಲ" ಎಂದೆ.

ಅವರು ಬುಟ್ಟಿಯಿಂದ ಇನ್ನೊಂದು ಬಟ್ಟೆ ಎತ್ತಿಕೊಂಡರು.

"ಅಲ್ಬನ್ ಸಹ ಹಾಗೇ ಹೇಳಿದ" ಎಂದರು. "ಅವನೂ ನೆಲ ನೋಡ್ಕೊಂಡೇ ಹೇಳಿದ."